ಹೊಸದೇನು ತೋರಿಸ್ರಿ: ಡೆಟೋನೇಟರಿನ ಪೇಟೆಂಟ್ ಪರೀಕ್ಷೆ



ಬೇಸಿಗೆಯಲ್ಲಿ ನಮ್ಮ ಕಡೆ ಯಾರದಾದರೂ ಹೊಲದಲ್ಲಿ ಬಾವಿ ತೋಡುತ್ತಿದ್ದರೆ ನಿಮಗೆ ದೂರದಿಂದಲೇ ಗೊತ್ತಾಗ್ತದ. ಮೊದಲು ಒಬ್ಬರು ಜೋರಾಗಿ ಕೂಗಿ ಎಲ್ಲರನ್ನೂ ದೂರ ಸರಿಸುತ್ತಾರೆ. ಸ್ವಲ್ಪ ಹೊತ್ತು ಎಲ್ಲ ಸುಮ್ಮನೆ. ಆಮೇಲೆ ಢಮ್ ಅಂತ ಸಪ್ಪಳ, ಧೂಳು, ಕಾಲಕೆಳಗೆ ನೆಲ ಸಣ್ಣಗೆ ನಡುಗಿದ ಹಾಗೆ. ಇದಕ್ಕೆ ಜನ ಸುರಂಗ ಹಾರಿಸೋದು ಅಂತಾರ. ಉಮರ್ಗಾ, ನಿಲಂಗಾ, ಉದಗೀರ ಈ ಎಲ್ಲ ಭಾಗದಲ್ಲೂ ನೆಲದ ರಚನೆ ಹೆಚ್ಚುಕಡಿಮೆ ಒಂದೇ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಮುರುಮು, ಅದರ ಕೆಳಗೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿ ಗಟ್ಟಿಯಾದ ಕಲ್ಲು ಇದು. ಇದರ ಮುಂದೆ ಗುದ್ದಲಿ, ಹಾರೆ ನಡೆಯೋದಿಲ್ಲ.

ಆ ಸಿಡಿತವನ್ನು ಶುರು ಮಾಡುವ ಚಿಕ್ಕ ಸಾಧನಕ್ಕೆ ಡೆಟೋನೇಟರ್ ಎಂದು ಹೆಸರು. ಬೆರಳಿನಷ್ಟು ಉದ್ದದ ಲೋಹದ ನಳಿಗೆ, ಒಂದು ತುದಿಯಿಂದ ಹೊರಬಂದ ತಂತಿ. ನೋಡಲಿಕ್ಕೆ ಇಷ್ಟೇ. ಮುಂದೆ ಹೋಗುವ ಮೊದಲು ಒಂದು ಮಾತು. ಬಾವಿಯ ಹತ್ತಿರ, ಖಡಿ ಯಂತ್ರದ ಹತ್ತಿರ ಅಥವಾ ರಸ್ತೆ ಕೆಲಸದ ಜಾಗದಲ್ಲಿ ಇಂಥದ್ದು ಬಿದ್ದದ್ದು ಕಂಡರೆ ಮುಟ್ಟಬೇಡಿ, ಕಾಲಿನಿಂದ ಒದೆಯಬೇಡಿ, ತಂತಿ ಚಂದ ಅದ ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ಬಳಕೆಯಾಗದೆ ಉಳಿದದ್ದು ಎಷ್ಟು ಹಳೆಯದಾದರೂ ಸಿಡಿಯಬಹುದು, ಬೆರಳು, ಕಣ್ಣು ತೆಗೆಯಬಹುದು. ಅಲ್ಲೇ ಬಿಟ್ಟು, ಉಳಿದ ಮಕ್ಕಳನ್ನೂ ದೂರ ಕರಕೊಂಡು ಹೋಗಿ, ಗುರುಗಳಿಗೋ ಪೊಲೀಸ್ ಪಾಟೀಲರಿಗೋ ಹೇಳಿ, ಇಲ್ಲವೇ 112ಕ್ಕೆ ಫೋನ್ ಮಾಡಿಸಿ.

ಈ ಲೇಖನದ ವಿಷಯ ಡೆಟೋನೇಟರ್ ಹೇಗೆ ಮಾಡುತ್ತಾರೆ ಅನ್ನೋದಲ್ಲ. ಯಾರಾದರೂ ಎಂಜಿನಿಯರ್ ‘ನಾನು ಹೊಸ ನಮೂನೆಯ ಎಲೆಕ್ಟ್ರಾನಿಕ್ ಡೆಟೋನೇಟರ್ ಕಂಡುಹಿಡಿದಿದ್ದೇನೆ, ನನಗೆ ಪೇಟೆಂಟ್ ಕೊಡಿ’ ಎಂದು ಸರಕಾರದ ಮುಂದೆ ಹೋದಾಗ ಏನಾಗ್ತದ? ‘ಇದು ನಿಜವಾಗಿ ಹೊಸದು’ ಎಂದು ಯಾರು, ಹೇಗೆ ತೀರ್ಮಾನಿಸುತ್ತಾರೆ? ಆ ಪರೀಕ್ಷೆಯ ಕಥೆ ಇದು.

ಮಿಲಿಸೆಕೆಂಡಿನ ಲೆಕ್ಕ

ಮೊದಲು ‘ಎಲೆಕ್ಟ್ರಾನಿಕ್’ ಅಂದರೆ ಏನು ಬದಲಾಯಿತು ಅನ್ನೋದು ತಿಳಿಯಬೇಕು. ಇಲ್ಲದಿದ್ದರೆ ಪರೀಕ್ಷಕರ ಪ್ರಶ್ನೆಗಳು ತಲೆಗೆ ಹೋಗೋದಿಲ್ಲ.

ಕಲ್ಲು ಗಣಿಯಲ್ಲಿ ಒಂದೇ ರಂಧ್ರ ಕೊರೆಯುವುದಿಲ್ಲ. ಸಾಲುಸಾಲಾಗಿ ಹತ್ತಾರು, ಕೆಲವೊಮ್ಮೆ ನೂರಾರು ರಂಧ್ರ. ಅವೆಲ್ಲ ಒಂದೇ ಕ್ಷಣಕ್ಕೆ ಸಿಡಿದರೆ ನೆಲ ವಿಪರೀತ ನಡುಗ್ತದ, ಕಲ್ಲು ಮಾತ್ರ ಸರಿಯಾಗಿ ಒಡೆಯೋದಿಲ್ಲ. ಶಾಲೆ ಬಿಟ್ಟಾಗ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರೆ ಯಾರೂ ಹೊರಗೆ ಹೋಗೋದಿಲ್ಲ. ಮುಂದಿನ ಬೆಂಚಿನವರು ಹೋಗಿ ಜಾಗ ಬಿಟ್ಟರೆ ಹಿಂದಿನವರಿಗೆ ದಾರಿ. ಕಲ್ಲಿಗೂ ಹಾಗೆಯೇ. ಮುಂದಿನ ಸಾಲು ಸಿಡಿದು ಸರಿದ ಮೇಲೆ ಹಿಂದಿನ ಸಾಲು ಸಿಡಿಯಬೇಕು. ನಡುವಿನ ಅಂತರ ಸೆಕೆಂಡಿನ ಸಾವಿರದ ಭಾಗದಲ್ಲಿ, ಅಂದರೆ ಮಿಲಿಸೆಕೆಂಡಿನಲ್ಲಿ ಇರತದ. ನೀವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ 100ಕ್ಕೂ ಹೆಚ್ಚು ಮಿಲಿಸೆಕೆಂಡ್ ಕಳೆದಿರುತ್ತವೆ.

ಹಳೆಯ ಪದ್ಧತಿಯಲ್ಲಿ ಈ ತಡವನ್ನು ಮಾಡುತ್ತಿದ್ದದ್ದು ಡೆಟೋನೇಟರಿನೊಳಗೆ ನಿಧಾನ ಉರಿಯುವ ಒಂದು ಪದಾರ್ಥ. ಉರಿಯೋದು ಯಾವಾಗಲೂ ಒಂದೇ ವೇಗದಲ್ಲಿ ಇರೋದಿಲ್ಲ. ದೀಪಾವಳಿಯಲ್ಲಿ ಒಂದೇ ಪೆಟ್ಟಿಗೆಯ ಎರಡು ಊದಿನಕಡ್ಡಿ ಒಟ್ಟಿಗೆ ಹಚ್ಚಿ ನೋಡಿದರೆ ಎರಡೂ ಒಂದೇ ಕ್ಷಣಕ್ಕೆ ಮುಗಿಯುವುದಿಲ್ಲ. ಹಾಗಾಗಿ 500 ಮಿಲಿಸೆಕೆಂಡ್ ಎಂದು ಬರೆದಿದ್ದರೂ ಒಂದು ಸ್ವಲ್ಪ ಮುಂಚೆ, ಇನ್ನೊಂದು ಸ್ವಲ್ಪ ತಡ. ಎಲೆಕ್ಟ್ರಾನಿಕ್ ಡೆಟೋನೇಟರಿನಲ್ಲಿ ಉರಿಯುವ ಪದಾರ್ಥದ ಬದಲು ಒಂದು ಸಣ್ಣ ಚಿಪ್ಪು ಸಮಯ ಎಣಿಸುತ್ತದೆ, ನಿಮ್ಮ ಕೈಗಡಿಯಾರದೊಳಗೆ ಎಣಿಸುವ ಹಾಗೆಯೇ. ಒಂದೊಂದು ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ಸಮಯ ಹೇಳಿಕೊಡಬಹುದು. ಪ್ರತಿಯೊಂದಕ್ಕೂ ತನ್ನದೇ ಗುರುತಿನ ಸಂಖ್ಯೆ ಇರಬಹುದು. ಸಿಡಿಸುವ ಮೊದಲೇ ದೂರದ ಯಂತ್ರವು ‘ನೀನು ಸರಿ ಇದ್ದೀಯಾ’ ಎಂದು ಕೇಳಿ, ಹಾಜರಿ ತಗೊಂಡ ಹಾಗೆ ಉತ್ತರ ಪಡೆಯಬಹುದು. ಸಂಕೇತದ ಆಜ್ಞೆ ಬಂದರೆ ಮಾತ್ರ ಕೆಲಸ ಮಾಡುವುದರಿಂದ, ದಾರಿತಪ್ಪಿ ಬಂದ ವಿದ್ಯುತ್ತಿಗೆ ಅಕಸ್ಮಾತ್ತಾಗಿ ಸಿಡಿಯುವ ಭಯವೂ ಕಡಿಮೆ.

ನೆಲ ನಡುಗುವ ಮಾತನ್ನು ನಮ್ಮ ಭಾಗದಲ್ಲಿ ಹಗುರವಾಗಿ ಆಡೋದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಲಾತೂರ ಮತ್ತು ಆಗಿನ ಉಸ್ಮಾನಾಬಾದ ಜಿಲ್ಲೆಗಳ ಊರುಗಳನ್ನೇ ಅಳಿಸಿಹಾಕಿತು. ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ ಅದು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಈಗಲೂ ಪಾತ್ರೆ ಅಲುಗಾಡಿದರೆ ಅವರು ಎದ್ದು ಹೊರಗೆ ಬರುತ್ತಾರೆ. ಭೂಕಂಪಕ್ಕೂ ಸುರಂಗಕ್ಕೂ ಸಂಬಂಧವಿಲ್ಲ. ಆದರೆ ಕಲ್ಲು ಮಣ್ಣಿನ ಗೋಡೆಯ ಮನೆಗಳ ಹತ್ತಿರ ಸಿಡಿಸುವಾಗ ನಡುಕ ಎಷ್ಟು ಕಡಿಮೆಯಾದರೂ ಅಷ್ಟೂ ಲಾಭ.

ಇನ್ನೊಂದು ಕಾರಣಕ್ಕೂ ಈ ಸಾಧನ ಈಗ ಸುದ್ದಿಯಲ್ಲಿದೆ. ಚಿಪ್ಪಿಲ್ಲದ ಸಾದಾ ವಿದ್ಯುತ್ ಡೆಟೋನೇಟರುಗಳ ತಯಾರಿಕೆ, ಆಮದು ಮತ್ತು ಇಟ್ಟುಕೊಳ್ಳುವುದನ್ನು ಕೇಂದ್ರ ಸರಕಾರ 2025ರ ಏಪ್ರಿಲ್ 1ರಿಂದ ನಿಷೇಧಿಸಿದೆ. ಕೆಟ್ಟವರ ಕೈಗೆ ಸಿಕ್ಕರೆ ಸುಲಭವಾಗಿ ಬಳಸಬಹುದು ಅನ್ನೋದು ಅದರ ಹಿಂದಿನ ಚಿಂತೆ. ಹಳೆಯದು ಹೋದಾಗ ಹೊಸದಕ್ಕೆ ಬೇಡಿಕೆ. ಬೇಡಿಕೆ ಬಂದಲ್ಲಿ ಪೇಟೆಂಟಿನ ಅರ್ಜಿಗಳೂ ಬರುತ್ತವೆ.

ಪೇಟೆಂಟ್ ಅಂದರೆ ಪರವಾನಗಿ ಅಲ್ಲ

ಬಹಳ ಜನ ಇಲ್ಲೇ ತಪ್ಪುತ್ತಾರೆ, ದೊಡ್ಡವರೂ ಸಹ. ಪೇಟೆಂಟ್ ಸಿಕ್ಕಿತು ಅಂದರೆ ಸರಕಾರ ಆ ವಸ್ತುವನ್ನು ಒಳ್ಳೆಯದು, ಸುರಕ್ಷಿತ ಎಂದು ಒಪ್ಪಿ ಸರ್ಟಿಫಿಕೇಟ್ ಕೊಟ್ಟಂತೆ ಎಂದು ತಿಳಿಯುತ್ತಾರೆ. ಹಾಗಲ್ಲ.

ಪೇಟೆಂಟ್ ಒಂದು ಕೊಡುಕೊಳ್ಳುವ ವ್ಯವಹಾರ. ಸಂಶೋಧಕ ತನ್ನ ಗುಟ್ಟನ್ನು ಪೂರ್ತಿಯಾಗಿ ಬರೆದು ಜಗತ್ತಿಗೆ ಕೊಡುತ್ತಾನೆ. ಬದಲಿಗೆ ಸರಕಾರ ಅರ್ಜಿ ಹಾಕಿದ ದಿನದಿಂದ 20 ವರ್ಷಗಳವರೆಗೆ, ಅವನ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಮಾಡದಂತೆ, ಮಾರದಂತೆ ತಡೆಯುವ ಹಕ್ಕು ಕೊಡುತ್ತದೆ. ಗಮನಿಸಿ, ಅದು ‘ತಡೆಯುವ’ ಹಕ್ಕು, ‘ಮಾಡುವ’ ಪರವಾನಗಿ ಅಲ್ಲ. ಹೊಲದ ಸಾತ್‌ಬಾರಾ ನಿಮ್ಮ ಅಪ್ಪನ ಹೆಸರಿಗೆ ಅದ ಅಂತ ಇಟ್ಟುಕೊಳ್ಳಿ. ಬೇರೆಯವರು ಹೊಲಕ್ಕೆ ನುಗ್ಗಿದರೆ ತಡೆಯಬಹುದು. ಹಂಗಂತ ಅದೇ ಹೊಲದಲ್ಲಿ ಯಾರನ್ನೂ ಕೇಳದೆ ಕಲ್ಲು ಗಣಿ ಶುರು ಮಾಡಲಿಕ್ಕೆ ಬರತದೇನು? ಅದಕ್ಕೆ ಬೇರೆ ಕಚೇರಿ, ಬೇರೆ ಅನುಮತಿ.

ಡೆಟೋನೇಟರಿಗೂ ಎರಡು ಬಾಗಿಲು. ಮಹಾರಾಷ್ಟ್ರದಲ್ಲಿರುವವರ ಪೇಟೆಂಟ್ ಅರ್ಜಿ ಹೋಗುವುದು ಮುಂಬೈನ ಅಂಟಾಪ್ ಹಿಲ್‌ನಲ್ಲಿರುವ ಪೇಟೆಂಟ್ ಕಚೇರಿಗೆ. (ಗಡಿಯಾಚೆ ಬಸವಕಲ್ಯಾಣದಲ್ಲಿರುವ ನಿಮ್ಮ ಸೋದರಮಾವ ಅರ್ಜಿ ಹಾಕಿದರೆ ಅದು ಚೆನ್ನೈ ಕಚೇರಿಗೆ ಹೋಗ್ತದ. ಕಾಯ್ದೆ ಮಾತ್ರ ಇಬ್ಬರಿಗೂ ಒಂದೇ, 1970ರ ಪೇಟೆಂಟ್ ಕಾಯ್ದೆ.) ಆದರೆ ಅದನ್ನು ತಯಾರಿಸಲು, ಸಾಗಿಸಲು, ಸಂಗ್ರಹಿಸಲು ಅನುಮತಿ ಕೊಡುವವರು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಸ್ಫೋಟಕ ಸುರಕ್ಷತಾ ಸಂಸ್ಥೆಯವರು. ಪೆಸೊ ಎಂದು ಅದರ ಚಿಕ್ಕ ಹೆಸರು. ಅವರು ನೋಡುವುದು 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ನಿಯಮಗಳನ್ನು. ಮುಂಬೈಯವರು ಕೇಳೋದು ‘ಇದು ಹೊಸದೇನು?’ ನಾಗಪುರದವರು ಕೇಳೋದು ‘ಇದು ಸುರಕ್ಷಿತವೇನು?’ ಒಬ್ಬರು ಹೌದು ಅಂದರೆ ಇನ್ನೊಬ್ಬರು ಹೌದು ಅನ್ನಲೇಬೇಕು ಅಂತ ಇಲ್ಲ.

ಮುಂಬೈಯ ಪರೀಕ್ಷಕರು ಡೆಟೋನೇಟರನ್ನು ಸಿಡಿಸಿ ನೋಡೋದಿಲ್ಲ. ಬೇಕಾದರೆ ಮಾದರಿ ತರಿಸುವ ಅಧಿಕಾರ ಕಾಯ್ದೆಯಲ್ಲಿದೆ, ಆದರೆ ಸಾಮಾನ್ಯವಾಗಿ ಅವರ ಮುಂದೆ ಇರುವುದು ಕಾಗದ ಮಾತ್ರ. ವಿವರಣೆ, ಚಿತ್ರಗಳು, ಮತ್ತು ಕೊನೆಯಲ್ಲಿ ಒಂದಷ್ಟು ಸಂಖ್ಯೆ ಹಾಕಿದ ವಾಕ್ಯಗಳು. ಆ ವಾಕ್ಯಗಳಿಗೆ ಕ್ಲೇಮು ಅನ್ನುತ್ತಾರೆ. ಹಕ್ಕಿನ ಬಾಂದು ಕಲ್ಲುಗಳಿವು. ಹೊಲದ ಮೂಲೆಯ ಬಾಂದು ಎಲ್ಲಿದೆಯೋ ಅಲ್ಲಿವರೆಗೆ ನಿಮ್ಮ ಹೊಲ, ಅದರಾಚೆ ಒಂದು ಅಡಿಯೂ ನಿಮ್ಮದಲ್ಲ.

ಒಂದು ಶಬ್ದಕ್ಕೆ ಸೋತ ನೊಬೆಲ್

ಕ್ಲೇಮಿನ ಒಂದೊಂದು ಶಬ್ದಕ್ಕೆ ಎಷ್ಟು ಬೆಲೆ ಅನ್ನೋದಕ್ಕೆ ಸ್ಫೋಟಕಗಳ ಇತಿಹಾಸದಲ್ಲೇ ಒಳ್ಳೆಯ ಉದಾಹರಣೆ ಇದೆ.

ಈ ವಿದ್ಯೆಯಲ್ಲಿ ಪೇಟೆಂಟ್ ಹೊಸ ಮಾತಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಕಾರ್ಮಿಕರು ಸಾಯುವುದನ್ನು ನೋಡಿ ವಿಲಿಯಂ ಬಿಕ್‌ಫೋರ್ಡ್ ಹಗ್ಗ ಹೊಸೆಯುವ ರೀತಿಯನ್ನೇ ಬಳಸಿ ಸುರಕ್ಷಿತ ಬತ್ತಿಯನ್ನು ಮಾಡಿ 1831ರಲ್ಲಿ ಪೇಟೆಂಟ್ ಪಡೆದ. ಡೈನಮೈಟಿಗೆ ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಬ್ರಿಟನ್‌ನಲ್ಲಿ, 1868ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ನೊಬೆಲ್ ಪ್ರಶಸ್ತಿಯ ಹೆಸರು ಕೇಳಿದ್ದೀರಿ, ಅವರೇ ಇವರು. ಅವರ ಹೆಸರಿನಲ್ಲಿ 355 ಪೇಟೆಂಟ್‌ಗಳಿದ್ದವು. ಪೇಟೆಂಟ್ ಅಂದರೆ ಏನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥವರೂ ಒಮ್ಮೆ ಎಡವಿದರು. 1887ರ ಹೊತ್ತಿಗೆ ಅವರು ಬ್ಯಾಲಿಸ್ಟೈಟ್ ಎಂಬ ಹೊಗೆ ಕಡಿಮೆಯ ತೋಪಿನ ಪುಡಿಯನ್ನು ಕಂಡುಹಿಡಿದಿದ್ದರು. ಅದರಲ್ಲಿ ಬಳಸುವ ಒಂದು ಪದಾರ್ಥದಲ್ಲಿ ಎರಡು ಬಗೆ, ಕೆಲವು ದ್ರಾವಣಗಳಲ್ಲಿ ಕರಗುವುದು ಮತ್ತು ಕರಗದೇ ಇರುವುದು. ಬ್ರಿಟಿಷ್ ಪೇಟೆಂಟಿನಲ್ಲಿ ನೊಬೆಲ್ ಆ ಪದಾರ್ಥವನ್ನು ಹೇಳುವಾಗ ‘ಕರಗುವ ಬಗೆಯ’ ಎಂಬ ಅರ್ಥದ ಶಬ್ದ ಸೇರಿಸಿಬಿಟ್ಟರು. ಸ್ವಲ್ಪ ದಿನಕ್ಕೆ ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂವರ್ ಎಂಬ ಇಬ್ಬರು ವಿಜ್ಞಾನಿಗಳು ಬಹುಪಾಲು ಅಂಥದ್ದೇ ಕಾರ್ಡೈಟ್ ಮಾಡಿ 1889ರಲ್ಲಿ ಪೇಟೆಂಟ್ ಪಡೆದರು. ಅವರು ಬಳಸಿದ್ದು ಕರಗದ ಬಗೆ! ಆ ಇಬ್ಬರೂ ಸರಕಾರದ ಸ್ಫೋಟಕ ಸಮಿತಿಯಲ್ಲಿದ್ದವರು, ನೊಬೆಲ್ ತಮ್ಮ ಕೆಲಸದ ವಿವರಗಳನ್ನು ಅವರಿಗೆ ತಿಳಿಸಿದ್ದರು. ನೊಬೆಲ್ ಕಂಪನಿ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟಿನಲ್ಲಿ ಸೋತಿತು, ಮೇಲ್ಮನವಿಯಲ್ಲಿ ಸೋತಿತು, 1895ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲೂ ಸೋತಿತು. ನೀವು ಬಾಂದು ಎಲ್ಲಿ ನೆಟ್ಟಿರೋ ಅಲ್ಲಿವರೆಗೇ ನಿಮ್ಮ ಹೊಲ ಎಂದು ಕೋರ್ಟು ಹೇಳಿದಂತಾಯಿತು. ನ್ಯಾಯ ಸಿಕ್ಕಿತೇ ಅಂತ ಕೇಳಿದರೆ, ನನಗಂತೂ ಸಿಗಲಿಲ್ಲ ಅನ್ನಿಸ್ತದ. ಆದರೆ ಓದಿ ಬರೆಯುವಾಗ ಒಂದು ವಿಶೇಷಣ ಎಷ್ಟು ಕೆಲಸ ಮಾಡ್ತದ ಅನ್ನೋದಕ್ಕೆ ವ್ಯಾಕರಣದ ಪಾಠಕ್ಕಿಂತ ಇದು ಗಟ್ಟಿ ಉದಾಹರಣೆ.

ಪರೀಕ್ಷಕರ ಮೇಜಿನ ಮುಂದೆ

ಈಗ ನಾವೇ ಒಂದು ಅರ್ಜಿ ಕಲ್ಪಿಸಿಕೊಳ್ಳೋಣ. ಅರ್ಜಿದಾರರ ಮೊದಲ ಕ್ಲೇಮು ಹೀಗಿದೆ ಅಂತ ತಿಳಿಯಿರಿ: ‘ಚಿಪ್ಪಿನಿಂದ ಸಮಯ ಎಣಿಸುವ, ತನ್ನದೇ ಗುರುತಿನ ಸಂಖ್ಯೆ ಇರುವ ಡೆಟೋನೇಟರ್.’

ಪರೀಕ್ಷಕರು ಮೊದಲು ಹುಡುಕುತ್ತಾರೆ. ಭಾರತದ ಹಳೆಯ ಪೇಟೆಂಟ್‌ಗಳು, ಅಮೆರಿಕ, ಯುರೋಪ್, ಜಪಾನ್, ಚೀನಾದ ಪೇಟೆಂಟ್‌ಗಳು, ಪತ್ರಿಕೆಗಳು, ಪುಸ್ತಕಗಳು. ಜಗತ್ತಿನ ಯಾವ ಮೂಲೆಯಲ್ಲಿ ಯಾವ ಭಾಷೆಯಲ್ಲಿ ಮೊದಲೇ ಪ್ರಕಟವಾಗಿದ್ದರೂ ಅದು ಹೊಸದಲ್ಲ. ಚಿಪ್ಪಿನ ಡೆಟೋನೇಟರ್ ಬಂದು ದಶಕಗಳೇ ಆದವು. ಹಾಗಾಗಿ ಈ ಕ್ಲೇಮು ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗ್ತದ.

ಅರ್ಜಿದಾರರು ಕ್ಲೇಮನ್ನು ಚಿಕ್ಕದು ಮಾಡುತ್ತಾರೆ: ‘…ರಂಧ್ರದೊಳಗಿನ ಉಷ್ಣತೆಯನ್ನು ಅಳೆದು, ಅದಕ್ಕೆ ತಕ್ಕಂತೆ ತನ್ನ ಎಣಿಕೆಯನ್ನು ತಿದ್ದಿಕೊಳ್ಳುವ ಡೆಟೋನೇಟರ್.’ ಇಂಥದ್ದು ಅಕ್ಷರಶಃ ಒಂದೇ ಕಾಗದದಲ್ಲಿ ಸಿಗಲಿಲ್ಲ ಅಂತ ಇಟ್ಟುಕೊಳ್ಳೋಣ. ಅಂದರೆ ಹೊಸದು. ಪಾಸ್ ಆಯಿತೇ? ಇಲ್ಲ. ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಈ ವಿದ್ಯೆ ಬಲ್ಲ ಸಾಮಾನ್ಯ ಎಂಜಿನಿಯರಿಗೆ ಇದು ತಾನಾಗೇ ಹೊಳೆಯುವ ಸಂಗತಿಯೇ? ಹೊಳೆಯುವಂಥದ್ದಾದರೆ ಪೇಟೆಂಟ್ ಇಲ್ಲ. ಆ ‘ಬಲ್ಲ ಎಂಜಿನಿಯರ್’ ಕಾಯ್ದೆಯಲ್ಲಿ ಮಾತ್ರ ಇರುವ ವಿಚಿತ್ರ ಮನುಷ್ಯ. ಪ್ರಕಟವಾದದ್ದೆಲ್ಲ ಓದಿರುತ್ತಾನೆ, ಕೈಕೆಲಸ ಚೆನ್ನಾಗಿ ಬರ್ತದ, ಆದರೆ ಕಲ್ಪನಾಶಕ್ತಿ ಮಾತ್ರ ಇಲ್ಲ.

ಪರೀಕ್ಷಕರು ಎರಡು ಕಾಗದ ಮುಂದಿಡುತ್ತಾರೆ. ಒಂದು, ಹಳೆಯ ಚಿಪ್ಪಿನ ಡೆಟೋನೇಟರ್. ಎರಡು, ಉಷ್ಣತೆಗೆ ತಕ್ಕಂತೆ ತಿದ್ದಿಕೊಳ್ಳುವ ಒಂದು ಗಡಿಯಾರ. ‘ಎರಡನ್ನೂ ಕೂಡಿಸಿದರೆ ನಿಮ್ಮದೇ ಸಿಗ್ತದಲ್ಲ?’ ಎಂದು ಕೇಳುತ್ತಾರೆ. ಅರ್ಜಿದಾರರು ಸುಮ್ಮನೆ ಕೂರುವುದಿಲ್ಲ. ‘ಗಡಿಯಾರ ವರ್ಷಗಟ್ಟಲೆ ನಡೆಯಬೇಕು, ಅದಕ್ಕೆ ಈ ತಿದ್ದುಪಡಿ ಬೇಕು. ಡೆಟೋನೇಟರ್ ಎಣಿಸೋದು ಕೆಲವೇ ಸೆಕೆಂಡ್. ಅಲ್ಲಿ ಇದು ಬೇಕಾಗಬಹುದು ಅಂತ ಯಾರೂ ಯೋಚನೆ ಮಾಡಿರಲಿಲ್ಲ. ನಮ್ಮ ಅಳತೆಗಳಲ್ಲಿ ವ್ಯತ್ಯಾಸ ಕಂಡಿದೆ, ಇಲ್ಲಿದೆ ಕೋಷ್ಟಕ’ ಎನ್ನುತ್ತಾರೆ. ಈ ವಾದ ಗೆಲ್ಲಬಹುದು, ಗೆಲ್ಲದೆಯೂ ಇರಬಹುದು. ಕೋಷ್ಟಕದಲ್ಲಿ ಏನಿದೆ ಅನ್ನೋದರ ಮೇಲೆ ಅದು ನಿಂತಿದೆ. ವಿಜ್ಞಾನದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಅಳತೆ ಬರೆಯಿರಿ ಎಂದು ನಿಮಗೆ ಗುರುಗಳು ಯಾಕೆ ಗಂಟುಬೀಳುತ್ತಾರೆ ಅಂತ ಈಗ ಗೊತ್ತಾಗಿರಬೇಕು.

ಪರೀಕ್ಷಕರಿಗೂ ಇಲ್ಲಿ ಒಂದು ಗುಂಡಿ ಇದೆ. ಒಗಟಿನ ಉತ್ತರ ಕೇಳಿದ ಮೇಲೆ ‘ಅಯ್ಯೋ ಇಷ್ಟೇ ಏನು, ನನಗೂ ಗೊತ್ತಿತ್ತು’ ಎನ್ನುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಉತ್ತರ ಕೈಯಲ್ಲಿ ಹಿಡಕೊಂಡು ಹಿಂದಕ್ಕೆ ನೋಡಿದರೆ ಎಲ್ಲವೂ ಸುಲಭವಾಗೇ ಕಾಣ್ತದ. ಉತ್ತರ ಗೊತ್ತಿಲ್ಲದ ದಿನಕ್ಕೆ ಮನಸ್ಸಿನಲ್ಲೇ ಹಿಂದಿರುಗಿ ನಿಂತು ಯೋಚಿಸಬೇಕು. ಪರೀಕ್ಷಕರ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟದ್ದು ಎಂದು ಕಾಣುವುದು ಇದೇ.

ಭಾರತದ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಚರ್ಚಿಸಿದ್ದು ಬಹಳ ಸಾದಾ ವಸ್ತುವಿನ ಮೇಲೆ, ಪಾತ್ರೆಯ ಮೇಲೆ. ಹಿತ್ತಾಳೆ ಪಾತ್ರೆಗಳನ್ನು ಹೊಳಪು ಮಾಡಲು ಲೇತ್ ಯಂತ್ರಕ್ಕೆ ಹಿಡಿಸಿ ತಿರುಗಿಸುತ್ತಾರೆ. ಹಾಗೆ ಹಿಡಿಯುವ ಸಾಧನಕ್ಕೆ ಉತ್ತರ ಪ್ರದೇಶದ ಒಂದು ಪಾತ್ರೆ ಕಾರಖಾನೆ 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ ಪಡೆಯಿತು. ಇನ್ನೊಂದು ಕಾರಖಾನೆ ಅದೇ ರೀತಿ ಕೆಲಸ ಶುರು ಮಾಡಿದಾಗ ಜಗಳ ಕೋರ್ಟಿಗೆ ಹೋಯಿತು. ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಮತ್ತು ಹಿಂದುಸ್ತಾನ ಮೆಟಲ್ ಇಂಡಸ್ಟ್ರೀಸ್ ನಡುವಿನ ಈ ಪ್ರಕರಣ ಇಂದಿಗೂ ಪೇಟೆಂಟ್ ಓದುವವರೆಲ್ಲ ಓದುವ ಪ್ರಕರಣ. 1978ರ ಡಿಸೆಂಬರಿನಲ್ಲಿ ತೀರ್ಪು ಬಂತು. ಲೇತಿನ ಭಾಗಗಳೆಲ್ಲ ಮೊದಲೇ ಗೊತ್ತಿದ್ದವು, ಇಲ್ಲಿ ಆಗಿರುವುದು ಕಾರಖಾನೆಯ ಕೆಲಸಗಾರ ದಿನನಿತ್ಯ ಮಾಡಿಕೊಳ್ಳುವಂಥ ಸಣ್ಣ ಸುಧಾರಣೆ, ಶೋಧ ಅಲ್ಲ ಎಂದು ಕೋರ್ಟು ಪೇಟೆಂಟನ್ನು ರದ್ದು ಮಾಡಿತು. ಅರ್ಜಿಯಿಂದ ತೀರ್ಪಿಗೆ 27 ವರ್ಷ! ಪರೀಕ್ಷೆ ಮೊದಲೇ ಗಟ್ಟಿಯಾಗಿ ನಡೆದಿದ್ದರೆ ಇಬ್ಬರಿಗೂ ಅಷ್ಟು ವರ್ಷ ಉಳಿಯುತ್ತಿದ್ದವು.

ಕಾಯ್ದೆಯ 3ನೇ ಕಲಮಿನಲ್ಲಿ ಇನ್ನೂ ಕೆಲವು ಬೇಲಿಗಳಿವೆ. ಡೆಟೋನೇಟರಿಗೆ ತಾಗುವ ಮೂರನ್ನು ಮಾತ್ರ ಹೇಳುತ್ತೇನೆ. ಗೊತ್ತಿರುವ ಸಾಧನಗಳನ್ನು ಸುಮ್ಮನೆ ಒಂದರ ಪಕ್ಕ ಒಂದು ಜೋಡಿಸಿ, ಪ್ರತಿಯೊಂದೂ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದರೆ ಅದು ಶೋಧ ಅಲ್ಲ. ರಾಶಿ ಮಾಡುವ ಯಂತ್ರದ ಮೇಲೆ ಒಂದು ಕೊಡೆ ಕಟ್ಟಿದರೆ ಯಂತ್ರ ಜೋಳ ಬಿಡಿಸ್ತದ, ಕೊಡೆ ನೆರಳು ಕೊಡ್ತದ, ಒಂದಕ್ಕೊಂದು ಸಂಬಂಧ ಇಲ್ಲ. ಎರಡೂ ಕೂಡಿ ಮೂರನೆಯ ಹೊಸ ಕೆಲಸ ಆಗಬೇಕು. ಮುಂದಿನದು, ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಅಥವಾ ಲೆಕ್ಕದ ಸೂತ್ರಕ್ಕೆ ಪೇಟೆಂಟ್ ಇಲ್ಲ. ಚಿಪ್ಪಿನೊಳಗಿನ ಎಣಿಕೆಯ ಸೂತ್ರವನ್ನಷ್ಟೇ ಕೇಳಿದರೆ ಸಿಗೋದಿಲ್ಲ, ಆ ಸೂತ್ರದಿಂದ ಸಾಧನದಲ್ಲಿ ಏನು ತಾಂತ್ರಿಕ ಬದಲಾವಣೆ ಆಯಿತು ಅನ್ನೋದನ್ನು ತೋರಿಸಬೇಕು.

ಮೂರನೆಯದನ್ನು ನೀವೇ ಕೇಳಿರುತ್ತೀರಿ: ಇಷ್ಟು ಅಪಾಯದ ವಸ್ತುವಿಗೆ ಪೇಟೆಂಟ್ ಯಾಕೆ ಕೊಡಬೇಕು? ಮನುಷ್ಯರಿಗೆ, ಪ್ರಾಣಿಗಳಿಗೆ, ಪರಿಸರಕ್ಕೆ ಗಂಭೀರ ಹಾನಿ ಮಾಡುವ ಶೋಧಕ್ಕೆ ಪೇಟೆಂಟ್ ಇಲ್ಲ ಎಂದು ಕಾಯ್ದೆ ಹೇಳ್ತದ, ನಿಜ. ಆದರೆ ನೋಡುವುದು ಆ ವಸ್ತುವಿನ ಮುಖ್ಯ ಬಳಕೆ ಏನು ಅನ್ನೋದನ್ನು. ಕುಡುಗೋಲಿನಿಂದ ಗಾಯ ಆಗಬಹುದು, ಆದರೆ ಕುಡುಗೋಲು ಇರೋದು ಬೆಳೆ ಕೊಯ್ಯಲಿಕ್ಕೆ. ಗಣಿ, ಸುರಂಗ ಮಾರ್ಗ, ಬಾವಿ, ರಸ್ತೆ ಇವುಗಳಿಗೆ ಬೇಕಾದ ಸಾಧನ ಡೆಟೋನೇಟರ್. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನ ಹೊರಬರುವುದೂ ಕಲ್ಲು ಒಡೆದೇ. ಇನ್ನು ಯುದ್ಧಕ್ಕೆ ಸಂಬಂಧಿಸಿದ್ದು ಎನ್ನಿಸಿದರೆ ಬೇರೆ ದಾರಿ ಇದೆ. 35ನೇ ಕಲಮಿನ ಪ್ರಕಾರ ಅದನ್ನು ಪ್ರಕಟಿಸದಂತೆ ಗುಟ್ಟಾಗಿಡಲು ಆಜ್ಞೆ ಮಾಡಬಹುದು.

ಎಷ್ಟು ದಿನ, ಎಷ್ಟು ರೊಕ್ಕ

ಅರ್ಜಿ ಹಾಕಿದ 18 ತಿಂಗಳ ಮೇಲೆ ಅದು ಪೇಟೆಂಟ್ ಕಚೇರಿಯ ವಾರದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ನಡೆಯೋದಿಲ್ಲ, ‘ನನ್ನದನ್ನು ಪರೀಕ್ಷಿಸಿ’ ಎಂದು ಬೇರೆಯಾಗಿ ಕೇಳಬೇಕು. 2024ರ ನಿಯಮದ ನಂತರ ಇದಕ್ಕೆ 31 ತಿಂಗಳ ಗಡುವು, ಅದು ತಪ್ಪಿದರೆ ಅರ್ಜಿ ಹೋಯಿತೆಂದೇ ಲೆಕ್ಕ. ಪರೀಕ್ಷಕರ ಮೊದಲ ವರದಿ ಬಂದ ಮೇಲೆ ಉತ್ತರಕ್ಕೆ 6 ತಿಂಗಳು, ಕೇಳಿದರೆ ಇನ್ನೂ 3 ತಿಂಗಳು. ಒಪ್ಪಿಗೆಯಾಗದಿದ್ದರೆ ಎದುರುಬದುರು ವಿಚಾರಣೆ. ಅಲ್ಲಿಯೂ ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು.

ಇದರ ನಡುವೆ ಒಂದು ಸಂಗತಿ ನನಗೆ ಬಹಳ ಇಷ್ಟ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾರು ಬೇಕಾದರೂ ‘ಇದು ಹೊಸದಲ್ಲ, ಇಲ್ಲಿದೆ ಸಾಕ್ಷಿ’ ಎಂದು ವಿರೋಧ ಸಲ್ಲಿಸಬಹುದು. ಕಂಪನಿಯೇ ಆಗಬೇಕಿಲ್ಲ, ವಕೀಲರೇ ಆಗಬೇಕಿಲ್ಲ. ಆದರೆ ಸಾಕ್ಷಿ ಬೇಕು, ‘ನಮ್ಮ ಊರಾಗ ಎಲ್ಲರಿಗೂ ಗೊತ್ತು’ ಅಂದರೆ ಸಾಲದು. 1995ರಲ್ಲಿ ಅರಿಸಿನದಿಂದ ಗಾಯ ಮಾಯಿಸುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು. ನಮ್ಮ ಮನೆಗಳಲ್ಲಿ ಮೊಣಕಾಲು ಕೆತ್ತಿದರೆ ಮೊದಲು ಹಚ್ಚೋದೇ ಅರಿಸಿನ! ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿ.ಎಸ್.ಐ.ಆರ್., ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಗ್ರಂಥಗಳನ್ನು ಹುಡುಕಿ ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಗೆದ್ದದ್ದು ಅಜ್ಜಿಯ ತಿಳುವಳಿಕೆ, ಆದರೆ ಯಾರೋ ಒಮ್ಮೆ ಅದನ್ನು ಬರೆದಿಟ್ಟದ್ದರಿಂದ ಗೆದ್ದದ್ದು.

ರೊಕ್ಕದ ಮಾತು. ಒಬ್ಬ ವ್ಯಕ್ತಿಗೆ ಅಥವಾ ಶಾಲೆ ಕಾಲೇಜಿಗೆ ಆನ್‌ಲೈನ್ ಅರ್ಜಿಯ ಶುಲ್ಕ 1,600 ರೂಪಾಯಿ, ಪರೀಕ್ಷೆಗೆ 4,000 ರೂಪಾಯಿ. ದೊಡ್ಡ ಕಂಪನಿಗಳಿಗೆ ಇದರ ಐದು ಪಟ್ಟು. ಬರೆದುಕೊಡುವ ಏಜೆಂಟರ ಖರ್ಚು ಬೇರೆ. ಕಾಗದಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಬೇಕು. ಕನ್ನಡದಲ್ಲಿ ನಡೆಯೋದಿಲ್ಲ, ಮರಾಠಿಯಲ್ಲೂ ನಡೆಯೋದಿಲ್ಲ. ಇದು ನನಗೆ ಸರಿ ಅನ್ನಿಸುವುದಿಲ್ಲ, ಆದರೆ ಇವತ್ತಿನ ನಿಯಮ ಹೀಗಿದೆ.

ಕೊನೆಗೆ, ನಿಮಗೆ ನೇರವಾಗಿ ಸಂಬಂಧಪಟ್ಟದ್ದು. ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ನಿಮ್ಮಲ್ಲಿ ಕೆಲವರು ಮಾದರಿಗಳನ್ನು ಮಾಡುತ್ತೀರಿ. ಬಿತ್ತುವ ಕೂರಿಗೆಗೆ ಏನೋ ಜೋಡಿಸಿರುತ್ತೀರಿ, ಬಾವಿ ಪಂಪಿಗೆ ಏನೋ. ಅದರಲ್ಲಿ ನಿಜವಾಗಿ ಹೊಸದು ಇದ್ದರೆ, ನಾಲ್ಕು ಜನರ ಮುಂದೆ ವಿವರಿಸಿದ, ಪೇಪರಿನಲ್ಲಿ ಫೋಟೊ ಹಾಕಿಸಿದ, ಮೊಬೈಲಿನಲ್ಲಿ ವಿಡಿಯೊ ಹಂಚಿದ ದಿನವೇ ಅದು ಕಾಯ್ದೆಯ ಕಣ್ಣಿಗೆ ಹಳೆಯದಾಗಿಬಿಡಬಹುದು. ಕೇಂದ್ರ ಸರಕಾರ ಗೆಜೆಟಿನಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ 12 ತಿಂಗಳ ರಿಯಾಯಿತಿ ಇದೆ, ಆದರೆ ನಮ್ಮ ಶಾಲೆಯ ಹಾಲಿನಲ್ಲಿ ನಡೆಯುವ ಪ್ರದರ್ಶನ ಆ ಪಟ್ಟಿಯಲ್ಲಿ ಇರೋದಿಲ್ಲ. ಹಾಗಾಗಿ ಮೊದಲು ವಿಜ್ಞಾನ ಶಿಕ್ಷಕರ ಹತ್ತಿರ ಗುಟ್ಟಾಗಿ ಕೂತು ಮಾತಾಡಿ. ಪೂರ್ತಿ ವಿವರಣೆ ಸಿದ್ಧವಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಹಿಡಿದುಕೊಂಡು, ಪೂರ್ತಿಯದನ್ನು 12 ತಿಂಗಳೊಳಗೆ ಕೊಡಬಹುದು. ಹಳೆಯ ಅರ್ಜಿಗಳನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಪಂಪು, ಕೂರಿಗೆ, ಜೋಳ ಬಿಡಿಸುವ ಯಂತ್ರ ಯಾವುದಾದರೂ ಒಂದು ಶಬ್ದವನ್ನು ಇಂಗ್ಲಿಷಿನಲ್ಲಿ ಹಾಕಿ, ಮೊದಲ ಹತ್ತು ಅರ್ಜಿಗಳ ಕ್ಲೇಮುಗಳನ್ನು ಗುರುಗಳ ಜೊತೆ ಕೂತು ಓದಿ ನೋಡಿ. ಯಾವ ಶಬ್ದ ತೆಗೆದರೆ ಬಾಂದು ಎಲ್ಲಿಗೆ ಸರಿಯುತ್ತದೆ ಅಂತ ಲೆಕ್ಕ ಹಾಕಿ, ಬರೆದು ನಮ್ಮ ಪತ್ರಿಕೆಗೆ ಕಳಿಸಿ.